ಪಡಸಾಲಿಗೆ ಬಂದ ಕಿವಿ: ಗಡಿನಾಡಿನ ಮನೆಮಾತು ಮತ್ತು ಧ್ವನಿಸಹಾಯಕ

ಧ್ವನಿಸಹಾಯಕವನ್ನು ಮನೆಯ ವೈರ್‌ಲೆಸ್ ಸ್ಪೀಕರುಗಳಿಗೆ ಜೋಡಿಸಲು ಹೊರಟವರಿಗೆ ಮೊದಲು ಎದುರಾಗುವುದು ಎರಡು ಪ್ರಶ್ನೆಗಳು. ಈ ಸ್ಪೀಕರ್ ಯಾವ ಕೋಣೆಯಲ್ಲಿದೆ? ಇದರೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಕೈಪಿಡಿಗಳ ದೃಷ್ಟಿಯಲ್ಲಿ ಇವು ನಿಜವಾದ ಕೆಲಸಕ್ಕೆ ಮುಂಚಿನ ಸಣ್ಣ ವಿಧಿಗಳು. ಅರ್ಧ ನಿಮಿಷದಲ್ಲಿ ಮುಗಿಯತಕ್ಕವು. ಲೋಹಾರಾದಂತಹ ಊರಿನ ಕನ್ನಡ ಮನೆಯೊಂದರಲ್ಲಿ ಈ ಎರಡೂ ಪ್ರಶ್ನೆಗಳಿಗೆ ನೇರವಾದ ಉತ್ತರವಿಲ್ಲ. ಉತ್ತರ ಇಲ್ಲದಿರುವುದಕ್ಕೆ ಕಾರಣ ಆ ಮನೆಯ ಅರಿವಿನ ಕೊರತೆಯಲ್ಲ. ಪ್ರಶ್ನೆಯನ್ನು ರೂಪಿಸಿದವರ ಕಲ್ಪನೆಯ ಮನೆ ಬೇರೆ, ಲೋಹಾರಾದ ಮನೆ ಬೇರೆ.

ಮೊದಲು ಕೋಣೆಯ ಪ್ರಶ್ನೆ. ಆ್ಯಪ್ ಮುಂದಿಡುವ ಸಿದ್ಧಪಟ್ಟಿಯಲ್ಲಿ ಲಿವಿಂಗ್ ರೂಮ್, ಬೆಡ್‌ರೂಮ್, ಕಿಚನ್, ಆಫೀಸ್ ಇವೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಳೆಯ ಕಲ್ಲುಮನೆಯಲ್ಲಿ ಇರುವುದು ಪಡಸಾಲಿ, ಅಡಗಿ ಮನಿ, ದೇವರ ಮನಿ, ಅಂಗಳ. ಅದೇ ಜಾಗಗಳಿಗೆ ಪಕ್ಕದ ಮರಾಠಿ ಮನೆಯಲ್ಲಿ ಓಸರಿ, ಮಾಜಘರ, ದೇವಘರ ಎಂಬ ಹೆಸರುಗಳು. ಎರಡೂ ಕಡೆಯ ಹೆಸರುಗಳು ಒಂದೇ ಮನೆಯೊಳಗೆ ಓಡಾಡುವುದೂ ಉಂಟು. ಪಡಸಾಲಿ ಎಂದರೆ ಲಿವಿಂಗ್ ರೂಮ್ ಅಲ್ಲ. ಅಲ್ಲಿ ಹಗಲು ಕಾಳು ಹಸನಾಗುತ್ತದೆ, ಬಂದವರು ಕೂರುತ್ತಾರೆ, ರಾತ್ರಿ ಹಾಸಿಗೆ ಬೀಳುತ್ತದೆ. ಒಂದು ಕೋಣೆಗೆ ಒಂದು ಕೆಲಸ ಎಂಬ ಲೆಕ್ಕದಲ್ಲಿ ಸ್ಪೀಕರುಗಳ ಗುಂಪು ಕಟ್ಟುವ ವ್ಯವಸ್ಥೆಗೆ ಇದು ಒಗ್ಗುವುದಿಲ್ಲ. ಪಟ್ಟಿಯ ಹೊರಗಿನ ಹೆಸರನ್ನು ಕೈಯಾರೆ ಬರೆದು ಸೇರಿಸಬಹುದು ನಿಜ. ಆದರೆ ಹಾಗೆ ಬರೆದ ಹೆಸರನ್ನು ಮುಂದೆ ಬಾಯಿಂದ ಹೇಳಬೇಕು; ಹೇಳಿದ್ದನ್ನು ಇಂಗ್ಲಿಷಿನ ಅಥವಾ ಹಿಂದಿಯ ಧ್ವನಿಮಾದರಿ ಕೇಳಿಸಿಕೊಂಡು ಬರೆದಿಟ್ಟ ಹೆಸರಿನೊಡನೆ ಹೊಂದಿಸಬೇಕು. ಕನ್ನಡದ ಳಕಾರವನ್ನೇ ಎಣಿಸದ ಇಂಗ್ಲಿಷ್ ಮಾದರಿಯೊಂದು ‘ಅಂಗಳ’ವನ್ನು ಎಲ್ಲಿ ಇಳಿಸೀತು? ಬೇಸತ್ತ ಮನೆಯವರು ಕಡೆಗೆ ‘ಹಾಲ್’ ಎಂದು ಹೆಸರಿಟ್ಟು ಕೈತೊಳೆದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಯಂತ್ರಕ್ಕೆ ಅನುಕೂಲವಾಗಲೆಂದು ಮನೆ ತನ್ನ ಭಾಗಗಳ ಹೆಸರನ್ನು ಬದಲಿಸಿಕೊಳ್ಳುವುದು ಹೀಗೆ.

ಎರಡನೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ಅಮೆಜಾನಿನ ಎಕೋ ಸ್ಪೀಕರ್ ಭಾರತಕ್ಕೆ ಬಂದದ್ದು 2017ರ ಅಕ್ಟೋಬರಿನಲ್ಲಿ, ಗೂಗಲ್ ಹೋಮ್ 2018ರ ಏಪ್ರಿಲಿನಲ್ಲಿ. ಮೊದಲು ಇಂಗ್ಲಿಷ್, ಅನಂತರ ಹಿಂದಿ. ಅಲೆಕ್ಸಾ ಹಿಂದಿ ಕಲಿತದ್ದು 2019ರ ಸೆಪ್ಟೆಂಬರಿನಲ್ಲಿ. ಇತ್ತ ಫೋನಿನೊಳಗಿನ ಗೂಗಲ್ ಅಸಿಸ್ಟೆಂಟ್ 2019ರ ಹೊತ್ತಿಗೇ ಕನ್ನಡ, ಮರಾಠಿ, ಉರ್ದು, ತೆಲುಗುಗಳಿಗೆ ತೆರೆದುಕೊಂಡಿತ್ತು. 2024ರ ಅಕ್ಟೋಬರಿನಲ್ಲಿ ಜೆಮಿನೈ ಲೈವ್ ಕೂಡ ಹಿಂದಿಯ ಜೊತೆಗೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಿತು; ಅವುಗಳಲ್ಲಿ ಕನ್ನಡವೂ ಒಂದು, ಮರಾಠಿಯೂ ಒಂದು. ಆದರೆ ಫೋನಿನಿಂದ ಮನೆಯ ಸ್ಪೀಕರಿಗೆ ಈ ಭಾಷೆಗಳು ದಾಟಲಿಲ್ಲ. ಅಂಗೈಯಲ್ಲಿ ಕನ್ನಡ ತಿಳಿಯುವ ಸಹಾಯಕ ಪಡಸಾಲಿಯ ಗೂಡಿನಲ್ಲಿ ಕುಳಿತ ಕೂಡಲೇ ಕನ್ನಡ ಮರೆಯುತ್ತದೆ. ಫೋನಿಗೆ ಒಬ್ಬ ಒಡೆಯ, ಅವನಿಗೊಂದು ಭಾಷೆ. ಸ್ಪೀಕರ್ ಇಡೀ ಮನೆಗೆ ಸೇರಿದ್ದು, ಮನೆಯ ಪರವಾಗಿ ಭಾಷೆಯನ್ನು ಆರಿಸಬೇಕು, ಆರಿಸಲು ಸಿಗುವುದು ಹಿಂದಿ ಮತ್ತು ಇಂಗ್ಲಿಷ್ ಮಾತ್ರ.

ಈ ವ್ಯತ್ಯಾಸವನ್ನು ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಅದು ಮಾರುಕಟ್ಟೆಯ ತಡವೆಂದಷ್ಟೇ ಕಾಣುತ್ತದೆ. ಅಲ್ಲಿ ಕನ್ನಡಕ್ಕೆ ಶಾಲೆಯಿದೆ, ಕಚೇರಿಯಿದೆ, ಬಸ್ಸಿನ ಫಲಕವಿದೆ. ಸ್ಪೀಕರ್ ನಾಲ್ಕು ವರ್ಷ ತಡವಾಗಿ ಕಲಿತರೂ ನಷ್ಟವಿಲ್ಲ. ಲೋಹಾರಾದ ಕಡೆಯಿಂದ ನೋಡಿದಾಗ ಚಿತ್ರ ತಲೆಕೆಳಗಾಗುತ್ತದೆ. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1956ರ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳನ್ನು ಬಿಡಿಸಿ ಉಸ್ಮಾನಾಬಾದ್ ಜಿಲ್ಲೆಗೆ, ಅಂದರೆ ಅಂದಿನ ಮುಂಬಯಿ ರಾಜ್ಯಕ್ಕೆ, ಸೇರಿಸಲಾಯಿತು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾಯಿತು. ಉಸ್ಮಾನಾಬಾದ್ ಇತ್ತೀಚೆಗೆ ಧಾರಾಶಿವವಾಯಿತು. ಹೀಗೆ ಕಚೇರಿಯ ಭಾಷೆ ಉರ್ದುವಿನಿಂದ ಮರಾಠಿಗೆ ಬದಲಾದಾಗಲೂ, ನಕಾಶೆಯ ಗೆರೆಗಳು ಸರಿದಾಗಲೂ, ಕನ್ನಡ ಯಾವ ದಫ್ತರಿನ ಆಸರೆಯೂ ಇಲ್ಲದೆ ಹೊಸ್ತಿಲೊಳಗೆ ಉಳಿದುಕೊಂಡಿತು. ಅಜ್ಜಿಯ ಮಾತು, ಅಡುಗೆಯ ಮಾತು, ಜಗಳದ ಮಾತು, ದೇವರ ಮುಂದಿನ ಮಾತು ಅದು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಾದ್ಯಂತ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 10 ಲಕ್ಷ. ಅವರಲ್ಲಿ ಗಡಿ ತಾಲೂಕುಗಳ ಬಹುಮಂದಿಗೆ ಅದು ಓದಿನ ಭಾಷೆಯಲ್ಲ, ಮನೆಯ ಭಾಷೆ.

ಮನೆಗೆಂದೇ ತಯಾರಾದ ಕೇಳುವ ಯಂತ್ರಕ್ಕೆ ಮನೆಯೊಳಗೆ ಮಾತ್ರ ಬದುಕಿರುವ ಭಾಷೆಯೊಂದು ಕೇಳಿಸುವುದಿಲ್ಲ: ಈ ಜೋಡಣೆಯ ವಿಮರ್ಶೆ ಹಿಡಿಯಬೇಕಾದ ಎಳೆ ಇದು. ಶಾಲೆ ಕನ್ನಡವನ್ನು ಹೊರಗಿಟ್ಟಾಗ ಅದಕ್ಕೆ ಮರಳಿ ಬರಲು ಮನೆಯಿತ್ತು. ಮನೆಯೇ ಹಿಂದಿಯಲ್ಲಿ ಆಜ್ಞೆ ಕೊಡಲು ಕಲಿತರೆ ಮರಳುವ ಜಾಗ ಯಾವುದು?

ಗಡಿನಾಡಿನ ಬಹುಭಾಷಿಕತೆಯನ್ನು ಅಧ್ಯಯನ ಮಾಡಿದವರಿಗೆ ಕುಪ್ಪವಾಡದ ಹೆಸರು ಹೊಸದಲ್ಲ. ಸಾಂಗ್ಲಿ ಜಿಲ್ಲೆಯ ಆ ಹಳ್ಳಿಯ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾಸಂಪರ್ಕದ ಎಲ್ಲ ಪಠ್ಯಗಳಲ್ಲೂ ಉಲ್ಲೇಖಗೊಳ್ಳುತ್ತದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಲ್ಲಿ ಒಂದೇ ವಾಕ್ಯರಚನೆಗೆ ಹತ್ತಿರ ಬಂದಿವೆ, ಪದಗಳೂ ಪ್ರತ್ಯಯಗಳೂ ಮಾತ್ರ ಬೇರೆ ಉಳಿದಿವೆ ಎಂಬುದು ಅವರ ಶೋಧ. ಅದರ ಸಾಮಾಜಿಕ ಅರ್ಧವನ್ನು ಮಾತ್ರ ಓದುಗರು ಹೆಚ್ಚಾಗಿ ಮರೆಯುತ್ತಾರೆ. ಇಷ್ಟು ಹತ್ತಿರ ಬಂದ ಭಾಷೆಗಳು ಒಂದರಲ್ಲೊಂದು ಕರಗಿಹೋಗದೆ ಉಳಿದದ್ದೇಕೆ? ಮನೆಯೊಳಗಿನ ಮಾತು ಸಮುದಾಯದ ಗುರುತು, ಬೀದಿಯ ಮಾತು ಎಲ್ಲರದು ಎಂಬ ವಿಭಜನೆಯನ್ನು ಊರು ಬಿಡದೆ ಪಾಲಿಸಿಕೊಂಡು ಬಂದದ್ದರಿಂದ. ಕುಪ್ಪವಾಡ ಲೋಹಾರಾದಿಂದ ದೂರ, ಅಲ್ಲಿನ ಜಾತಿ ಮತ್ತು ಭೂಮಿಯ ವಿನ್ಯಾಸವೂ ಬೇರೆ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಆದರೂ ಹೊಸ್ತಿಲು ಎಂಬುದು ಭಾಷಾಶಾಸ್ತ್ರದ ಗೆರೆಯೂ ಹೌದು ಎಂಬ ಆ ಲೇಖನದ ಒಳನೋಟ ಇಲ್ಲಿಗೂ ಸಲ್ಲುತ್ತದೆ. ಧ್ವನಿಸಹಾಯಕ ದಾಟಿ ಬಂದಿರುವುದು ಆ ಗೆರೆಯನ್ನೇ.

ಸ್ಪೀಕರಿನಲ್ಲಿ ಕನ್ನಡವೇ ಇಲ್ಲ ಎಂದು ದೂರುವವರಿಗೆ ಕಂಪನಿಗಳ ಸಿದ್ಧ ಉತ್ತರವೊಂದಿದೆ: ಕನ್ನಡ ಹಾಡುಗಳು ಧಾರಾಳವಾಗಿ ಬರುತ್ತವಲ್ಲ. ಬರುತ್ತವೆ. ಇಂಗ್ಲಿಷಿನಲ್ಲಿ ಕೇಳಿದರೆ ರಾಜ್‌ಕುಮಾರ್ ಹಾಡುತ್ತಾರೆ, ವಚನಗಾಯನ ಬರುತ್ತದೆ, ಭಜನೆ ಬರುತ್ತದೆ. ಇಲ್ಲಿ ಕನ್ನಡಕ್ಕೆ ಸಿಕ್ಕಿರುವುದು ಸರಕಿನ ಸ್ಥಾನ. ಆ ಸರಕನ್ನು ತರಿಸುವ ಆಜ್ಞೆಯ ಸ್ಥಾನ ಬೇರೆ ಭಾಷೆಗೆ. ಕೇಳಿಸಿಕೊಳ್ಳಬಹುದಾದ, ಕೇಳಲಾಗದ ಭಾಷೆ! ಇದು ಹೊಸದೇನೂ ಅಲ್ಲ ಎನ್ನಬಹುದು. ರೇಡಿಯೋ ಕೂಡ ಮನೆಗೆ ಮಾತಾಡುತ್ತಿತ್ತು, ಮನೆಯ ಮಾತನ್ನು ಕೇಳುತ್ತಿರಲಿಲ್ಲ. ಆದರೆ ರೇಡಿಯೋ ಹಚ್ಚಲು ಯಾರೂ ಹಿಂದಿ ಮಾತಾಡಬೇಕಿರಲಿಲ್ಲ. ಗುಂಡಿ ತಿರುಗಿಸುವ ಕೈಗೆ ಭಾಷೆಯಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ್ದು ತಮ್ಮ ಮನೆ ವಿಠ್ಠಲ ವಿಹಾರದಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡದ ಪ್ರಸಾರ ಹುಟ್ಟಿದ್ದೇ ಒಂದು ಮನೆಯಲ್ಲಿ, ಹೊರಗೆ ಹೋಗುವ ದನಿಯಾಗಿ. ಈಗಿನ ಸ್ಪೀಕರ್ ಆ ದಿಕ್ಕನ್ನು ತಿರುಗಿಸಿದೆ. ಮನೆಯ ದನಿ ದೂರದ ಸರ್ವರಿಗೆ ಹೋಗಿ, ಅರ್ಥವಾಗಿ, ಹಿಂದಿರುಗಿ ಬಂದರೆ ಮಾತ್ರ ಪಕ್ಕದ ಕೋಣೆಯಲ್ಲಿ ಹಾಡು ಮೊದಲಾಗುತ್ತದೆ.

ಹಾಗೆ ಹೋಗಿಬರುವ ದಾರಿಯ ಒಡೆತನ ಯಾರದು ಎಂಬುದಕ್ಕೂ ಒಂದು ನಿದರ್ಶನ ಸಾಕು. ಸೋನೋಸ್ ಮತ್ತು ಗೂಗಲ್ ನಡುವಿನ ಪೇಟೆಂಟ್ ವ್ಯಾಜ್ಯದಲ್ಲಿ 2022ರ ಜನವರಿಯಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವಾಣಿಜ್ಯ ಆಯೋಗ ಸೋನೋಸ್ ಪರ ತೀರ್ಪಿತ್ತಿತು. ಕೂಡಲೇ ಗೂಗಲ್ ತನ್ನ ಸ್ಪೀಕರುಗಳ ಗುಂಪಿನ ದನಿಯನ್ನು ಒಟ್ಟಿಗೆ ಏರಿಳಿಸುವ ಸೌಲಭ್ಯವನ್ನು ಬದಲಿಸಿತು. ಒಂದೊಂದನ್ನೂ ಬೇರೆಬೇರೆಯಾಗಿ ಹೊಂದಿಸಬೇಕಾಯಿತು. ಮೂರು ಕೋಣೆಗಳ ಮನೆಯಲ್ಲಿ ಹಾಡಿನ ದನಿ ಹೇಗೆ ತಗ್ಗಬೇಕೆಂಬುದು ವಾಷಿಂಗ್ಟನ್ನಿನಲ್ಲಿ ತೀರ್ಮಾನವಾದಂತಾಯಿತು. ಮನೆಯ ಭಾಷೆಯ ಪಟ್ಟಿಯನ್ನೂ ಇಂಥದೇ ದೂರದಿಂದ ಯಾರೋ ಬರೆಯುತ್ತಾರೆ.

ಹಾಗಾದರೆ ಕನ್ನಡವನ್ನು ಆ ಪಟ್ಟಿಗೆ ಸೇರಿಸಿಬಿಟ್ಟರೆ ಸಮಸ್ಯೆ ತೀರೀತೇ? ಕನ್ನಡದ ಸಂಘಸಂಸ್ಥೆಗಳ ಬೇಡಿಕೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನ್ಯಾಯವಾದ ಬೇಡಿಕೆಯೇ, ಆದರೆ ಅರ್ಧ ದಾರಿಯದು. ಪತ್ರಿಕೆ ಮತ್ತು ಟಿ.ವಿ.ಯ ಕನ್ನಡದಿಂದ ಕಲಿತ ಮಾದರಿಯೊಂದು ಲೋಹಾರಾದ ಮನೆಗೆ ಬಂದರೆ ಅದಕ್ಕೆ ಅಲ್ಲಿ ಮೊದಲು ಎದುರಾಗುವ ಕ್ರಿಯಾಪದ ‘ಹಚ್ಚು’.

ಈ ಪದದ ಬಳಿ ಸ್ವಲ್ಪ ನಿಲ್ಲಬೇಕು. ದೀಪ ಹಚ್ಚು, ಎಣ್ಣಿ ಹಚ್ಚು ಎಂಬುವು ಎಲ್ಲ ಕನ್ನಡಕ್ಕೂ ಗೊತ್ತು. ಉತ್ತರದ ಕನ್ನಡ ಅಲ್ಲಿಗೆ ನಿಲ್ಲದೆ ಗಿಡ ಹಚ್ಚುತ್ತದೆ, ಫೋನ್ ಹಚ್ಚುತ್ತದೆ, ರೇಡಿಯೋ ಹಚ್ಚುತ್ತದೆ, ಹಾಡು ಹಚ್ಚುತ್ತದೆ, ಕೂತವನನ್ನು ಕೆಲಸಕ್ಕೂ ಹಚ್ಚುತ್ತದೆ. ದಕ್ಷಿಣದವರು ಇವೇ ಜಾಗಗಳಲ್ಲಿ ನೆಡು, ಮಾಡು, ಹಾಕು ಎಂದು ಬೇರೆಬೇರೆ ಕ್ರಿಯಾಪದ ಹುಡುಕಬೇಕು. ಮರಾಠಿಯ ‘ಲಾವ’ವನ್ನು ಪಕ್ಕದಲ್ಲಿಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ: ದಿವಾ ಲಾವ, ತೇಲ ಲಾವ, ಝಾಡ ಲಾವ, ಫೋನ ಲಾವ, ಗಾಣಂ ಲಾವ, ಕಾಮಾಲಾ ಲಾವ. ಅರ್ಥದ ಹರವು ಒಂದೇ, ಪದ ಎರಡು. ಗಂಪರ್ಜ್ ಮತ್ತು ವಿಲ್ಸನ್ ವ್ಯಾಕರಣದಲ್ಲಿ ಕಂಡ ಸಾಮ್ಯವನ್ನು ಇಲ್ಲಿ ಪದಾರ್ಥದಲ್ಲಿ ಕಾಣಬಹುದು.

ಧ್ವನಿಸಹಾಯಕಗಳ ಒಳರಚನೆಗೂ ಇದಕ್ಕೂ ನೇರ ಸಂಬಂಧವಿದೆ. ಈ ವ್ಯವಸ್ಥೆಗಳು ಆಜ್ಞೆಯನ್ನು ಉದ್ದೇಶ ಮತ್ತು ವಸ್ತು ಎಂದು ಸೀಳುತ್ತವೆ. ದೀಪ ಬೆಳಗಿಸುವುದು ಒಂದು ಉದ್ದೇಶ, ಹಾಡು ನುಡಿಸುವುದು ಇನ್ನೊಂದು, ಕರೆ ಮಾಡುವುದು ಮತ್ತೊಂದು. ಇಂಗ್ಲಿಷಿನ ಕ್ರಿಯಾಪದಗಳ ಗಡಿಯ ಮೇಲೆಯೇ ಈ ವಿಂಗಡಣೆ ನಿಂತಿದೆ. ‘ಹಚ್ಚು’ ಆ ಗಡಿಗಳನ್ನು ಒಪ್ಪುವುದಿಲ್ಲ. ಅದರ ಉದ್ದೇಶ ತಿಳಿಯಬೇಕಾದರೆ ಹಿಂದಿನ ನಾಮಪದವನ್ನು ನೋಡಬೇಕು, ಅದು ಕನ್ನಡದಲ್ಲೂ ಮರಾಠಿಯಲ್ಲೂ ಕ್ರಿಯಾಪದಕ್ಕಿಂತ ಮೊದಲೇ ಬಂದುಬಿಟ್ಟಿರುತ್ತದೆ. ಬೆಳಕು, ದನಿ, ಕರೆ ಎಲ್ಲವನ್ನೂ ಒಂದೇ ಆಳ್ವಿಕೆಗೆ ತರುವುದು ಸ್ಮಾರ್ಟ್ ಹೋಮಿನ ಕನಸಾದರೆ, ಆ ಕನಸಿಗೆ ಬೇಕಾದ ಕ್ರಿಯಾಪದ ಮರಾಠವಾಡದ ಗಡಿಯಲ್ಲಿ ಮೊದಲಿನಿಂದಲೂ ಇತ್ತು. ಮರಾಠಿಗೆ ಸಿದ್ಧಪಡಿಸಿದ ಆಜ್ಞಾವಿನ್ಯಾಸವನ್ನು ಪದ ಬದಲಿಸಿ ಈ ಕನ್ನಡಕ್ಕೆ ಹೊಂದಿಸುವುದು, ಮೈಸೂರಿನ ಕನ್ನಡದಿಂದ ಹೊಂದಿಸುವುದಕ್ಕಿಂತ ಸುಲಭವಾದೀತು. ರಾಜ್ಯದ ಭಾಷೆಗಳ ಹೆಸರಿನಲ್ಲಿ ಪಟ್ಟಿ ಮಾಡುವವರಿಗೆ ಈ ಹತ್ತಿರ ಕಾಣುವುದಿಲ್ಲ. ‘ಕನ್ನಡ’ ಎಂದೊಡನೆ ಅವರು ಬೆಂಗಳೂರಿಗೆ ಹೋಗುತ್ತಾರೆ. ಕರ್ನಾಟಕದ ವಿದ್ವಾಂಸರೂ ಬಹುಪಾಲು ಅಲ್ಲಿಗೇ ಹೋಗುತ್ತಾರೆ, ಅದು ಬೇರೆ ಮಾತು.

ಸಂಬೋಧನೆಯ ವಿಷಯವೂ ಇದೆ. ಸಹಾಯಕವನ್ನು ಎಚ್ಚರಿಸುವ ಪದವೆಂದರೆ ಒಂದು ಸಂಬೋಧನೆ, ಆದರೆ ವಿಭಕ್ತಿ ತಾಳದ ಸಂಬೋಧನೆ. ಈ ಕಡೆಯ ಮನೆಗಳಲ್ಲಿ ಕರೆ ಎಂದರೆ ಯವ್ವಾ, ಅಣ್ಣಾ, ತಂಗೀ, ಏ ತಮ್ಮಾ. ಸ್ವರ ಎಷ್ಟು ಎಳೆದಿದೆ ಎಂಬುದರಲ್ಲೇ ಸಿಟ್ಟೋ ಅಕ್ಕರೆಯೋ ತಿಳಿಯುತ್ತದೆ. ಅಲೆಕ್ಸಾಗೆ ಬಂಧುತ್ವವಿಲ್ಲ, ಆಕೆಗೆ ‘ಹಚ್ಚು’ ಎನ್ನಬೇಕೋ ‘ಹಚ್ರಿ’ ಎನ್ನಬೇಕೋ ಎಂಬ ಪ್ರಶ್ನೆಯೂ ಏಳುವುದಿಲ್ಲ. 2021ರಲ್ಲಿ ಅಮಿತಾಭ್ ಬಚ್ಚನ್ನರ ದನಿಯನ್ನು ಅಲೆಕ್ಸಾಗೆ ಜೋಡಿಸಿದಾಗ ಎಚ್ಚರಿಸುವ ಪದ ‘ಅಮಿತ್ ಜೀ’ ಆಯಿತು. ಹೆಣ್ಣು ಹೆಸರಿನ ಸೇವಕಿಗೆ ಏಕವಚನ, ಗಂಡು ದನಿಯ ಅತಿಥಿಗೆ ಗೌರವವಾಚಕ! ಗೌರವವನ್ನು ಯಂತ್ರಕ್ಕೆ ಕಲಿಸುವುದು ಅಸಾಧ್ಯವಲ್ಲವೆಂದು ಇದರಿಂದ ತಿಳಿಯಿತು. ಯಾರಿಗಾಗಿ ಕಲಿಸುತ್ತಾರೆ ಎಂಬುದೂ ತಿಳಿಯಿತು.

ಮನೆಯಲ್ಲಿ ವಸ್ತುವನ್ನು ಮಾತಾಡಿಸುವುದು ಈ ಸೀಮೆಗೆ ಅಪರಿಚಿತವಲ್ಲ. ಬೀಸುವ ಕಲ್ಲನ್ನು ಕರೆದು, ಅದಕ್ಕೆ ತವರಿನ ಸುದ್ದಿ ಹೇಳಿ, ಕಷ್ಟ ತೋಡಿಕೊಂಡು ಹೆಂಗಸರು ಹಾಡಿದ್ದು ಕನ್ನಡದ ತ್ರಿಪದಿಯಲ್ಲೂ ಉಂಟು, ಮರಾಠಿಯ ಓವಿಯಲ್ಲೂ ಉಂಟು. ಮರಾಠಿಯ ಓವಿಗಳನ್ನು ಹೇಮಾ ರಾಯರಕರ್ ಮತ್ತು ಗೀ ಪ್ವಾತೆವಾಂ ಒಂದು ಲಕ್ಷಕ್ಕೂ ಹೆಚ್ಚು ಸಂಗ್ರಹಿಸಿದರು; ಬಹಳಷ್ಟು ಧ್ವನಿಮುದ್ರಣಗಳೂ ಉಳಿದಿವೆ. ಮರಾಠಿ ಶಾಲೆಯಲ್ಲಿ ಓದಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮೇಶ್ವರ ಪುರಾಣವನ್ನು ತ್ರಿಪದಿಯಲ್ಲಿ ಬರೆದದ್ದು, 1974ರ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದದ್ದು ಎಲ್ಲರಿಗೂ ತಿಳಿದ ಸಂಗತಿ. ಶಾಲೆ ಕೊಡದ ಭಾಷೆ ಹೊಸ್ತಿಲೊಳಗೆ ಇಷ್ಟು ದೊಡ್ಡ ಕಾವ್ಯಕ್ಕೆ ಆಗುವಷ್ಟು ಉಳಿದಿತ್ತೆಂಬುದು ಇಲ್ಲಿ ಪ್ರಸ್ತುತ. ಬೀಸುವ ಕಲ್ಲು ಉತ್ತರ ಕೊಡುತ್ತಿರಲಿಲ್ಲ. ಹೇಳಿದ್ದನ್ನು ಬೇರೆಯವರಿಗೆ ಒಪ್ಪಿಸುತ್ತಲೂ ಇರಲಿಲ್ಲ.

ಈ ಎರಡನೆಯ ಗುಣ ಸಣ್ಣದಲ್ಲ. 2019ರ ಜುಲೈನಲ್ಲಿ ಬೆಲ್ಜಿಯಮ್ಮಿನ ಪ್ರಸಾರ ಸಂಸ್ಥೆ ವಿ.ಆರ್.ಟಿ. ಒಂದು ವರದಿ ಪ್ರಕಟಿಸಿತು: ಗೂಗಲ್ ಅಸಿಸ್ಟೆಂಟ್ ದಾಖಲಿಸಿದ ಡಚ್ ಮಾತುಗಳನ್ನು ಮಾದರಿಯ ಸುಧಾರಣೆಗಾಗಿ ಮನುಷ್ಯರೇ ಕೂತು ಕೇಳುತ್ತಿದ್ದರು, ಅವುಗಳಲ್ಲಿ ಎಚ್ಚರಿಸುವ ಪದ ಹೇಳದೆಯೇ ದಾಖಲಾದ ಮನೆಮಾತುಗಳೂ ಇದ್ದವು. ಭಾಷೆಯನ್ನು ಯಂತ್ರಕ್ಕೆ ಕಲಿಸಲು ಆ ಭಾಷೆಯವರೇ ಕಿವಿಗೊಡಬೇಕು. ದೊಡ್ಡ ಭಾಷೆಯಲ್ಲಿ ಕೇಳುವವನಿಗೂ ಹೇಳುವವನಿಗೂ ನಡುವೆ ಅಪರಿಚಿತತೆಯ ರಕ್ಷಣೆಯಿದೆ. ನಾಲ್ಕು ತಾಲೂಕುಗಳ ಉಪಭಾಷೆಯಲ್ಲಿ, ದನಿ ಕೇಳಿದರೆ ಮನೆತನ ಹೇಳಬಲ್ಲ ಜನರ ನಡುವೆ, ಆ ರಕ್ಷಣೆ ಎಷ್ಟರದು? ಕೇಳಿಸದ ಭಾಷೆ ಕದ್ದು ಕೇಳಲಾಗದ ಭಾಷೆಯೂ ಹೌದು. ಸೇರ್ಪಡೆಗಾಗಿ ಒತ್ತಾಯಿಸುವವರು ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವರ ವಾದ ಕಂಪನಿಯ ಜಾಹೀರಾತಿನಿಂದ ಬಹಳ ದೂರವಿರುವುದಿಲ್ಲ.

ಬೇರೆ ದಾರಿಗಳು ಇಲ್ಲದೆ ಇಲ್ಲ. ನ್ಯೂಜಿಲೆಂಡಿನ ತೆ ಹಿಕು ಮೀಡಿಯಾ ಎಂಬ ಮಾವೋರಿ ರೇಡಿಯೋ ಸಂಸ್ಥೆ 2018ರಲ್ಲಿ 10 ದಿನಗಳಲ್ಲಿ 300 ಗಂಟೆಗೂ ಹೆಚ್ಚಿನ ಮಾತನ್ನು ತನ್ನ ಜನರಿಂದಲೇ ಸಂಗ್ರಹಿಸಿತು, ಅದರ ಒಡೆತನವನ್ನು ಹೊರಗಿನವರಿಗೆ ಬಿಟ್ಟುಕೊಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಡನೆ ನಡೆಸುತ್ತಿರುವ ‘ವಾಣಿ’ ಯೋಜನೆಯ ಕ್ರಮವೂ ಗಮನಾರ್ಹ. ಅದು ಭಾಷೆಯಿಂದ ಹೊರಡದೆ ಜಿಲ್ಲೆಯಿಂದ ಹೊರಡುತ್ತದೆ. ಜನರ ಮುಂದೆ ಚಿತ್ರವಿಟ್ಟು, ತಮ್ಮ ಮಾತಿನಲ್ಲಿ ವಿವರಿಸಿ ಎನ್ನುತ್ತದೆ. ಧಾರಾಶಿವ ಜಿಲ್ಲೆಯ ಮಾತೆಂದರೆ ಮರಾಠಿ ಎಂದು ಮೊದಲೇ ಬರೆದಿಟ್ಟುಕೊಳ್ಳದ ಯಾವ ಸಂಗ್ರಹಕ್ಕಾದರೂ ಅಲ್ಲಿನ ಕನ್ನಡ ಸಿಕ್ಕೇ ಸಿಗುತ್ತದೆ. ಆದರೆ ದತ್ತಾಂಶದ ಮೇಲೆ ಸಮುದಾಯಕ್ಕಿರುವ ಹಕ್ಕಿನ ವಿಷಯದಲ್ಲಿ ಮಾವೋರಿಗಳು ಹಿಡಿದ ಪಟ್ಟನ್ನು ನಮ್ಮ ಯೋಜನೆಗಳ ಚರ್ಚೆ ಇನ್ನೂ ಹಿಡಿದಿಲ್ಲ.

ಮನೆಯ ಮಟ್ಟದಲ್ಲಿ ಹೆಚ್ಚು ಕುತೂಹಲಕರವಾದದ್ದು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. 2023ನ್ನು ಅದು ‘ಧ್ವನಿಯ ವರ್ಷ’ವೆಂದು ಘೋಷಿಸಿ, ಮಾತನ್ನು ಮನೆಯೊಳಗಿನ ಸಣ್ಣ ಕಂಪ್ಯೂಟರಿನಲ್ಲೇ ಅರ್ಥಮಾಡಿಸುವ ಕೆಲಸಕ್ಕೆ ತೊಡಗಿತು. ಸೋನೋಸ್ ಮೊದಲಾದ ಸ್ಪೀಕರುಗಳನ್ನು ಅದಕ್ಕೆ ಜೋಡಿಸಬಹುದು. ದನಿ ಹೊಸ್ತಿಲು ದಾಟಬೇಕಿಲ್ಲ. ಅದರ ಆಜ್ಞೆಗಳು ಸ್ವಯಂಸೇವಕರು ಭಾಷೆಭಾಷೆಗೂ ಬರೆದಿಟ್ಟ ಸರಳ ವಾಕ್ಯವಿನ್ಯಾಸಗಳು. ನಡುವೆ ವಸ್ತುವಿನ ಮತ್ತು ಕೋಣೆಯ ಹೆಸರಿಗೆ ತೆರವು ಬಿಟ್ಟಿರುತ್ತದೆ. ‘ಪಡಸಾಲ್ಯಾಗ ಹಾಡು ಹಚ್ಚು’ ಎಂಬ ವಾಕ್ಯವನ್ನು ಅಲ್ಲಿ ಸೇರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ. ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಮಾದರಿಯ ಭಾಷೆಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಇದಕ್ಕೆ ಬೇಕಾದ ತಾಂತ್ರಿಕ ತಾಳ್ಮೆ ಎಲ್ಲ ಮನೆಗಳಲ್ಲಿ ಇರುವುದಿಲ್ಲವೆಂಬುದು ನಿಜ. ಒಂದು ಊರಿನಲ್ಲಿ ಒಬ್ಬ ಹುಡುಗಿಗೋ ಹುಡುಗನಿಗೋ ಇದ್ದರೂ ಸಾಕಾಗುವಂಥದು.

ಆ ಹುಡುಗಿ ವಾಕ್ಯವನ್ನು ಬರೆಯಲು ಕೂತಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕೈಗೆ ಒಗ್ಗಿದ್ದು ದೇವನಾಗರಿ. ಕನ್ನಡ ಅವಳಿಗೆ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಬರೆಯಲೇಬೇಕಾದರೆ ಬಾಳಬೋಧದಲ್ಲಿ ಬರೆಯುತ್ತಾಳೆ. ವಿಸ್ಪರ್ ಅವಳ ಅಜ್ಜಿಯ ಮಾತನ್ನು ಕನ್ನಡವೆಂದು ಗುರುತಿಸಿದರೆ ಕನ್ನಡ ಲಿಪಿಯಲ್ಲಿ ಇಳಿಸುತ್ತದೆ, ಮರಾಠಿಯೆಂದು ತಪ್ಪಾಗಿ ಹಿಡಿದರೆ ದೇವನಾಗರಿಯಲ್ಲಿ. ಅವಳು ದೇವನಾಗರಿಯಲ್ಲಿ ಬರೆದಿಟ್ಟ ‘ಹಚ್ಚು’ವಿಗೆ ಹೊಂದುವುದು ಎರಡನೆಯದು ಮಾತ್ರ. ಭಾಷೆಯೊಂದಕ್ಕೆ ಲಿಪಿಯೊಂದು ಎಂಬ ಕಟ್ಟು ಆ ಕಡತದ ಮೊದಲ ಸಾಲಿನಲ್ಲೇ ಇದೆ, ಅದನ್ನು ಸಡಿಲಿಸುವ ಒಂದು ಸಣ್ಣ ಲಿಪ್ಯಂತರದ ಕೊಂಡಿಯನ್ನು ಬರೆದುಕೊಡುವುದು ಗಡಿನಾಡಿನ ಕನ್ನಡದ ಬಗ್ಗೆ ಕೆಲಸ ಮಾಡುವ ಅಧ್ಯಯನ ಕೇಂದ್ರಗಳ ಕೈಯಳತೆಯಲ್ಲಿರುವ ಕೆಲಸ.